ಎರಡು ನಾಲ್ಕರ ಬಳೆ

ಕೋಲಾರದ ಹತ್ತಿರದ ಹಳ್ಳಿಯೊಂದರ ಈ ಹುಡುಗಿಗೆ ಆಗ 20 ವರ್ಷ, ಬಿ.ಕಾಂ. ಕೊನೆಯ ವರ್ಷ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಕರೆತಂದವರು ತಾಯಿ. "ಹಗಲೆಲ್ಲ ಉಪವಾಸ ಮೇಡಂ, ರಾತ್ರಿ ಕಳ್ಳಿಯ ಹಾಗೆ ತಿನ್ನುತ್ತಾಳೆ" ಎಂದರು. ಕಳ್ಳಿ ಎಂಬ ಮಾತು ಕೇಳಿದ್ದೇ ಹುಡುಗಿ ದುಪಟ್ಟಾವನ್ನು ಹೊಟ್ಟೆಯ ಮೇಲಕ್ಕೆ ಎಳೆದುಕೊಂಡಳು.

ಮೊದಲ ದಿನವೇ ತೂಕ ಎಷ್ಟೆಂದು ಕೇಳಿಬಿಟ್ಟೆ. ನನ್ನದೇ ತಪ್ಪು. ಆಮೇಲೆ ಅರ್ಧ ಗಂಟೆ ಅವಳು ತುಟಿ ಬಿಚ್ಚಲಿಲ್ಲ.

ಬಾಯಿ ಬಿಟ್ಟದ್ದು ಎರಡನೆಯ ಭೇಟಿಯಲ್ಲಿ, ತಾಯಿಯನ್ನು ಹೊರಗೆ ಕೂರಿಸಿದ ಮೇಲೆ. ಅಕ್ಕನ ಮದುವೆಗೆ ಮನೆಯ ಹೆಂಗಸರಿಗೆಲ್ಲ ಬಳೆ ತೊಡಿಸುತ್ತಿದ್ದರು. ಎರಡು ನಾಲ್ಕರ ಅಳತೆ ಇವಳ ಕೈಗೆ ಏರಲಿಲ್ಲ. ಎರಡು ಆರೂ ಏರಲಿಲ್ಲ. ಬಳೆಗಾರ್ತಿ ಎರಡು ಎಂಟರ ಕಟ್ಟು ಬಿಚ್ಚುವಾಗ ಸೋದರತ್ತೆ, "ಇವಳ ಕೈಗೆ ಗಾಡಿ ಚಕ್ರವೇ ಸರಿ" ಎಂದರು. ಎಲ್ಲರೂ ನಕ್ಕರು. ಇವಳೂ ನಕ್ಕಳು. ಮರುದಿನದಿಂದ ಮುದ್ದೆ ಬಿಟ್ಟಳು.

ಬೆಳಿಗ್ಗೆ ಬರೀ ಟೀ. ಮಧ್ಯಾಹ್ನದ ಡಬ್ಬಿ ಗೆಳತಿಯರ ಪಾಲು. ಸಂಜೆ ಮನೆಗೆ ಬಂದರೆ ತಲೆನೋವು, ಓದಿದ್ದು ತಲೆಗೆ ಹತ್ತುವುದಿಲ್ಲ. ರಾತ್ರಿ 11ರ ಮೇಲೆ, ಎಲ್ಲರೂ ಮಲಗಿದಾಗ, ದೀಪ ಹಾಕದೆ ಅಡುಗೆಮನೆಗೆ ಹೋಗಿ, ಗಟ್ಟಿಯಾದ ತಣ್ಣನೆಯ ಮುದ್ದೆಯನ್ನು ನಿಂತಲ್ಲೇ ಮುರಿದು ತಿನ್ನುತ್ತಿದ್ದಳು. ಸಾರು ಬಿಸಿ ಮಾಡಿದರೆ ಸದ್ದಾಗುತ್ತದೆ. ಅದು ಮುಗಿದರೆ ನಿಪ್ಪಟ್ಟಿನ ಡಬ್ಬ, ಅದೂ ಮುಗಿದರೆ ಬೆಲ್ಲ. ಎರಡು ಬಾರಿ ಗಂಟಲಿಗೆ ಬೆರಳು ಹಾಕಿ ವಾಂತಿಯನ್ನೂ ಮಾಡಿಕೊಂಡಿದ್ದಳು. ಶನಿವಾರ ಬಂತೆಂದರೆ ಬಚ್ಚಲಲ್ಲಿ ಕೈಗೆ ಸೋಪು ಹಚ್ಚಿ ಆ ಎರಡು ನಾಲ್ಕರ ಬಳೆ ಏರುತ್ತದೆಯೇ ಎಂದು ಪರೀಕ್ಷೆ.

ಮೊದಲು ವೈದ್ಯರ ಬಳಿ ಕಳಿಸಿದೆ. ವಾಂತಿ ಮಾಡಿಕೊಳ್ಳುತ್ತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ಏರುಪೇರಾಗಬಹುದು. ಮುಟ್ಟು ಬೇರೆ ಎರಡು ತಿಂಗಳು ನಿಂತಿತ್ತು. ಹಿಮೋಗ್ಲೋಬಿನ್ 9 ಇತ್ತು, ಉಳಿದದ್ದು ಸರಿಯಿತ್ತು. ವಾಂತಿ ಮುಂದುವರಿದರೆ, ತಲೆ ಸುತ್ತಿ ಬಿದ್ದರೆ ನನ್ನನ್ನು ಕಾಯದೆ ಮನೋವೈದ್ಯರಲ್ಲಿಗೆ ಹೋಗಬೇಕೆಂದು ತಾಯಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು.

"ನನಗೆ ಮನಸ್ಸಿನ ಹಿಡಿತವೇ ಇಲ್ಲ" ಎಂದು ಅವಳು ಪದೇ ಪದೇ ಹೇಳುತ್ತಿದ್ದಳು. ಅಮೆರಿಕದ ಮಿನ್ನೆಸೋಟಾದಲ್ಲಿ 1944–45ರಲ್ಲಿ ನಡೆದ ಪ್ರಯೋಗದ ಕಥೆ ಹೇಳಿದೆ. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ಯುವಕರಿಗೆ ಆರು ತಿಂಗಳು ಸುಮಾರು ಅರ್ಧ ಊಟ ಕೊಟ್ಟರು. ಅವರಿಗೆ ದಿನವಿಡೀ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಓದುತ್ತ ಕೂತರು. ಊಟ ಮತ್ತೆ ಸಿಕ್ಕಾಗ ಹಲವರಿಗೆ ಎಷ್ಟು ಉಂಡರೂ ಸಾಕೆನಿಸಲಿಲ್ಲ. "ಗಂಡಸರಿಗೂ ಹೀಗಾಯಿತೇ?" ಎಂದು ಕೇಳಿದಳು. ಆ ದಿನ ಅವಳು ಮೊದಲ ಸಲ ತಲೆಯೆತ್ತಿ ಮಾತಾಡಿದ್ದು. ಹಗಲು ತಡೆದ ಹಸಿವೇ ರಾತ್ರಿ ಬಡ್ಡಿ ಸಮೇತ ವಸೂಲಿಗೆ ಬರುತ್ತಿದೆ, ಇದರಲ್ಲಿ ಕಳ್ಳತನದ ಮಾತೇ ಇಲ್ಲ ಎಂದೆ.

ಮೊದಲ ಎರಡು ವಾರಕ್ಕೆ ಕೊಟ್ಟದ್ದು ಒಂದೇ ಕೆಲಸ. ಎದ್ದ ಒಂದು ಗಂಟೆಯೊಳಗೆ ತಿಂಡಿ, ಆಮೇಲೆ ಮಲಗುವ ತನಕ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಬರಿಹೊಟ್ಟೆ ಇರಬಾರದು. ಹಿಂದಿನ ರಾತ್ರಿ ಎಷ್ಟೇ ತಿಂದಿದ್ದರೂ ಬೆಳಗಿನ ತಿಂಡಿ ತಪ್ಪುವಂತಿಲ್ಲ. "ದಪ್ಪಗಾದರೆ?" ಎಂದಳು. ತೂಕ ಇಳಿಯುತ್ತದೆಂದು ನಾನು ಆಸೆ ತೋರಿಸಲಿಲ್ಲ. ಸುಳ್ಳು ಹೇಳಿ ಉಣ್ಣಿಸಿದರೆ ಮುಂದಿನ ತಿಂಗಳು ನನ್ನ ಮಾತಿಗೆ ಬೆಲೆ ಇರುವುದಿಲ್ಲ.

ಮುಂದಿನ ಸಲ ಬಳೆ ತರಲು ಹೇಳಿದೆ. ಮೇಜಿನ ಮೇಲೆ ಕೈಯಿಟ್ಟು, ಬಳೆ ನಿಲ್ಲುವುದೆಲ್ಲಿ ಎಂದು ಅವಳೇ ತೋರಿಸಿದಳು: ಹೆಬ್ಬೆರಳಿನ ಬುಡದ ಗೆಣ್ಣಿನ ಬಳಿ. ಅಲ್ಲಿರುವುದು ಮೂಳೆ. ಊಟ ಬಿಟ್ಟರೆ ಮೂಳೆ ಚಿಕ್ಕದಾಗುತ್ತದೆಯೇ? ತಾಯಿಯನ್ನು ಒಳಗೆ ಕರೆದೆ. ಇಬ್ಬರ ಕೈ ಅಕ್ಕಪಕ್ಕ ಇಟ್ಟರೆ ಅಂಗೈಯ ಅಗಲ ಒಂದೇ. "ನನ್ನದೂ ಎರಡು ಎಂಟೇ ಮೇಡಂ" ಎಂದರು ತಾಯಿ, ಯಾರೂ ಕೇಳದೆಯೇ.

ತಾಯಿಗೆ ಹೇಳಿದ್ದು ಮೂರು ಮಾತು. ಡಬ್ಬಗಳಿಗೆ ಹಾಕಿದ ಬೀಗ ತೆಗೆಯಿರಿ. ಕಳ್ಳಿ ಎನ್ನಬೇಡಿ, ಹೊಗಳುವುದಕ್ಕೂ ಮೈಯ ಮಾತೆತ್ತಬೇಡಿ. ದಿನಕ್ಕೆ ಒಂದು ಹೊತ್ತಾದರೂ ಮಗಳ ಜೊತೆ ಕುಳಿತು ಊಟ ಮಾಡಿ. ಕೊನೆಯದಕ್ಕೆ ಅವರು ನಕ್ಕರು: "ನಾನು ಯಾವತ್ತು ಕುಳಿತು ಉಂಡಿದ್ದೇನೆ?" ಎಲ್ಲರದೂ ಮುಗಿದ ಮೇಲೆ ಉಳಿದದ್ದನ್ನು ಒಲೆಯ ಪಕ್ಕ ನಿಂತೇ ತಿಂದು ಮುಗಿಸುವುದು ಅವರ ರೂಢಿ. ಮಗಳು ರಾತ್ರಿ ಕತ್ತಲಲ್ಲಿ ನಿಂತು ತಿನ್ನುತ್ತಿದ್ದದ್ದೂ ಅದೇ ಜಾಗದಲ್ಲಿ. ಹೇಳಲೋ ಬೇಡವೋ ಎಂದು ಯೋಚಿಸಿ ಸುಮ್ಮನಾದೆ. ಮಗಳು ತಾನಾಗಿಯೇ ತಾಯಿಯ ಮುಖ ನೋಡಿದಳು.

ಅತ್ತೆಗೆ ಹೇಳಬೇಕಾದ ಮಾತನ್ನು ನಾವಿಬ್ಬರೂ ನಾಲ್ಕು ಬಾರಿ ಅಭ್ಯಾಸ ಮಾಡಿದ್ದೆವು: "ಅತ್ತೆ, ನನ್ನ ಮೈಯ ವಿಷಯ ಬೇಡ, ಪರೀಕ್ಷೆಯ ವಿಷಯ ಕೇಳಿ." ಸಂಕ್ರಾಂತಿಗೆ ಅತ್ತೆ ಬಂದಾಗ ಹುಡುಗಿ ಹಿತ್ತಲಿಗೆ ಓಡಿಹೋದಳು. ಆ ಮಾತು ಹೇಳಿದವರು ತಾಯಿ.

ಐದು ತಿಂಗಳಲ್ಲಿ 11 ಭೇಟಿ. ರಾತ್ರಿಯ ತಿನ್ನಾಟ ತಿಂಗಳಿಗೆ ಒಂದೆರಡಕ್ಕೆ ಇಳಿಯಿತು. ಪರೀಕ್ಷೆಯ ವಾರದಲ್ಲಿ ಮತ್ತೆ ಹೆಚ್ಚಿ, ಮತ್ತೆ ಇಳಿಯಿತು. ಮುಟ್ಟು ಸರಿಹೋಯಿತು. ಕನ್ನಡಿಯ ಮುಂದೆ ನಿಲ್ಲಲು ಈಗಲೂ ಹಿಂಜರಿಕೆ ಇದೆ. ಕೊನೆಯ ಭೇಟಿಯಲ್ಲಿ ಬಳೆ ಏನಾಯಿತೆಂದು ಕೇಳಿದೆ.

"ಚಿಕ್ಕಪ್ಪನ ಮಗಳಿಗೆ ಕೊಟ್ಟೆ. ಸರಿಯಾಗಿ ಹಿಡಿಸಿತು" ಎಂದಳು. ಆಮೇಲೆ ನಗು ತಡೆಯಲಾರದೆ ಸೇರಿಸಿದಳು: "ಅವಳಿಗೆ ಹತ್ತು ವರ್ಷ, ಮೇಡಂ."