34ನೇ ವಯಸ್ಸಿನಲ್ಲಿ ನರ್ಸಿಂಗ್ ಓದಿ ಮಿಲಿಟರಿ ನರ್ಸ್ ಆಗಬಹುದಾ?

ನಿಮ್ಮ ವಯಸ್ಸು 34, ಹತ್ತು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೀರಿ, ಇಬ್ಬರು ಮಕ್ಕಳಿದ್ದಾರೆ, ತಂದೆ ಹಲಸೂರಿನ ಎಂಇಜಿಯಲ್ಲಿ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಇದ್ದು ನಿವೃತ್ತರಾದವರು. ಈಗ ನರ್ಸಿಂಗ್ ಓದಿದರೆ ಸೇನೆಗೆ ತೆಗೆದುಕೊಳ್ಳುತ್ತಾರಾ, ಮದುವೆಯಾಗಿರುವುದು ಅಡ್ಡಿಯಾ ಎಂದು ಕೇಳಿದ್ದೀರಿ. ಹನ್ನೆರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ಬೆಂಗಳೂರೆಲ್ಲ ಓಡಾಡಿದ್ದೆ. ಆಗ ನನಗೆ 33. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಲೆಕ್ಕ ಬರೆಯುತ್ತಿದ್ದೆ. ಅದಕ್ಕೇ ಕಹಿ ಮಾತನ್ನು ಮೊದಲು ಹೇಳಿಬಿಡುತ್ತೇನೆ.

ಸೇನೆಯ ಸಮವಸ್ತ್ರ ನಿಮಗೆ ಸಿಗುವುದಿಲ್ಲ. ಮಿಲಿಟರಿ ನರ್ಸಿಂಗ್ ಸರ್ವಿಸ್‌ಗೆ ಹೋಗಲು ಎರಡು ದಾರಿ. ಒಂದು, ಸೇನೆಯ ಕಾಲೇಜುಗಳಲ್ಲೇ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ನಮ್ಮ ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆಯಲ್ಲೂ ಅಂಥ ಕಾಲೇಜಿದೆ. ಆದರೆ ಅದು ಪಿಯುಸಿ ಸೈನ್ಸ್ ಮುಗಿಸಿ ನೀಟ್ ಬರೆದ ಚಿಕ್ಕ ಹುಡುಗಿಯರಿಗೆ. ಇನ್ನೊಂದು, ಈಗಾಗಲೇ ನರ್ಸ್ ಆಗಿರುವವರಿಗೆ ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಕೆಲವು ವರ್ಷಕ್ಕೆ ಸೀಮಿತವಾದ ಅಧಿಕಾರಿ ಹುದ್ದೆ. 2023ರ ಡಿಸೆಂಬರ್‌ನಲ್ಲಿ ಕರೆದಾಗ 21ರಿಂದ 35 ವರ್ಷದವರಿಗೆ ಅವಕಾಶ ಇತ್ತು. ಬಿಎಸ್ಸಿ, ಪೋಸ್ಟ್ ಬೇಸಿಕ್ ಬಿಎಸ್ಸಿ (ಡಿಪ್ಲೊಮಾ ಆದ ಮೇಲೆ ಮಾಡುವ ಪದವಿ) ಅಥವಾ ಎಂಎಸ್ಸಿ ಆಗಿರಬೇಕಿತ್ತು, ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ ಒಂದೇ ಸಾಲುತ್ತಿರಲಿಲ್ಲ. ನೀವು ಇವತ್ತೇ ಕಾಲೇಜು ಸೇರಿದರೂ ಓದು ಮುಗಿಯುವ ಹೊತ್ತಿಗೆ 35 ದಾಟಿರುತ್ತೀರಿ. ಯಾರಾದರೂ "ಸೇರಿಸಿಕೊಡುತ್ತೇನೆ" ಅಂದರೆ ಅವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮದುವೆಯ ಮಾತು ಬೇರೆ. ಹಿಂದೆ ಮದುವೆಯಾದ ನರ್ಸ್ ಅಧಿಕಾರಿಯನ್ನು ಕೆಲಸದಿಂದ ತೆಗೆಯುವ ನಿಯಮವೇ ಇತ್ತು. 1995ರಲ್ಲಿ ಅದನ್ನು ಹಿಂದೆಗೆದುಕೊಂಡರು. 1988ರಲ್ಲಿ ಹಾಗೆ ಕೆಲಸ ಕಳೆದುಕೊಂಡ ಒಬ್ಬ ಲೆಫ್ಟಿನೆಂಟ್‌ಗೆ 60 ಲಕ್ಷ ರೂಪಾಯಿ ಕೊಡಬೇಕೆಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಎಷ್ಟು ವರ್ಷ ಕಾದರು ಆ ತಾಯಿ! ಆದ್ದರಿಂದ ನಿಮಗೆ ಅಡ್ಡಿ ಮಕ್ಕಳಲ್ಲ, ವಯಸ್ಸು ಮಾತ್ರ.

ಇನ್ನು ನೀವು ಕೇಳದೇ ಇರುವ ಮಾತು. ನಿಮಗೆ ಬೇಕಿರುವುದು ಹೆಗಲ ಮೇಲಿನ ನಕ್ಷತ್ರವಾ, ಅಥವಾ ಸೈನಿಕರ ಆರೈಕೆಯಾ? ಎರಡನೆಯದಾದರೆ ಬಾಗಿಲು ಇನ್ನೂ ತೆರೆದಿದೆ. ಆದರೆ ಜಾಸ್ತಿ ದಿನ ತೆರೆದಿರಲ್ಲ. ನರ್ಸಿಂಗ್ ಓದಿಗೆ ಸೇರಲು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಇಟ್ಟಿರುವ ಮಿತಿಯೂ 35 ವರ್ಷ. ನಿಮ್ಮದು ಕಾಮರ್ಸ್ ಆಗಿದ್ದರೆ ಬಿಎಸ್ಸಿ ಆಗಲ್ಲ, ಜಿಎನ್‌ಎಂ ಆಗುತ್ತದೆ. ನನ್ನ ಕಾಲದಲ್ಲಿ ಅದು ಮೂರೂವರೆ ವರ್ಷ ಇತ್ತು, ಈಗ ಮೂರು.

ಓದು ಕಷ್ಟವೇ. ತರಗತಿಯಲ್ಲಿ ಎಲ್ಲರಿಗೂ ಹದಿನೆಂಟು, ಹತ್ತೊಂಬತ್ತು. ನನ್ನನ್ನು "ಅಕ್ಕ" ಅನ್ನುತ್ತಿದ್ದರು. ಮೂಳೆಗಳ ಹೆಸರು ಅವರಿಗೆ ಒಂದೇ ದಿನಕ್ಕೆ ಬಾಯಿಪಾಠ, ನನಗೆ ವಾರ ಬೇಕಿತ್ತು. ಬೆಳಗ್ಗೆ ನಾಲ್ಕಕ್ಕೆ ಎದ್ದು ಅಡುಗೆ ಮನೆಯಲ್ಲಿ ನಿಂತೇ ಓದಿದ್ದೇನೆ. ವಾರ್ಡಿಗೆ ಹೋದಾಗ ಮಾತ್ರ ಕಥೆ ಬೇರೆ. ರೋಗಿಯ ಮೈ ಒರೆಸಲು, ಬೆಡ್‌ಪ್ಯಾನ್ ಕೊಡಲು ಆ ಹುಡುಗಿಯರು ಹಿಂಜರಿಯುತ್ತಿದ್ದರು. ಮಕ್ಕಳನ್ನು ಸಾಕಿ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡಿದ್ದ ನನಗೆ ಅದು ಹೊಸದಾಗಿರಲಿಲ್ಲ. ನಿಮಗೂ ಆಗಿರಲ್ಲ.

ಕಾಲೇಜು ಹುಡುಕುವಾಗ ಹುಷಾರು. "ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು" ಎಂದು ಒಬ್ಬ ಏಜೆಂಟ್ ನನಗೂ ಹೇಳಿದ್ದ. ಹಾಗೆ ಪಾಸಾದವರ ಕೈಗೆ ಒಬ್ಬ ಮನುಷ್ಯನ ಪ್ರಾಣ ಕೊಡುವುದು ಹೇಗೆ? ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಇದೆಯಾ, ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ ಎಂದು ನೀವೇ ಹೋಗಿ ನೋಡಿ. ವಾರ್ಡಿನಲ್ಲಿ ನಿಜವಾಗಿ ರೋಗಿಗಳಿದ್ದಾರಾ ಅಂತಲೂ ನೋಡಿ.

ಪಾಸಾದ ಮೇಲೆ ಐದು ವರ್ಷ ಒಂದು ಖಾಸಗಿ ಆಸ್ಪತ್ರೆಯಲ್ಲಿ ದುಡಿದೆ. ಅದರಲ್ಲಿ ನೈಟ್ ಡ್ಯೂಟಿಯೇ ಜಾಸ್ತಿ. ಆ ಅನುಭವದ ಮೇಲೆ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಕೆಲಸ ಸಿಕ್ಕಿತು. ಮಾಜಿ ಸೈನಿಕರು ಮತ್ತು ಅವರ ಕುಟುಂಬಕ್ಕಾಗಿ 2003ರಲ್ಲಿ ಶುರುವಾದ ಆರೋಗ್ಯ ಯೋಜನೆ ಅದು. ನಿಮ್ಮ ತಂದೆಯವರ ಹತ್ತಿರ ಕಾರ್ಡ್ ಇದ್ದೇ ಇರುತ್ತದೆ ಅಲ್ವಾ? ಇದು ಗುತ್ತಿಗೆ ಕೆಲಸ, ಪಿಂಚಣಿ ಇಲ್ಲ. ನೇಮಕದಲ್ಲಿ ಮಾಜಿ ಸೈನಿಕರಿಗೆ ಮೊದಲ ಆದ್ಯತೆ, ಉಳಿದರೆ ನಮಗೆ. ಅದು ಸರಿಯಾದದ್ದೇ.

ದಿನದ ಕೆಲಸ ಬಿಪಿ, ಶುಗರ್, ಇಂಜೆಕ್ಷನ್, ಡ್ರೆಸ್ಸಿಂಗ್. ಕಲಿಯಬೇಕಾದ್ದು ಬೇರೆ ಇದೆ. ಹಳೆಯ ಸೈನಿಕರು ನೋವನ್ನು ಹೇಳಿಕೊಳ್ಳುವುದಿಲ್ಲ. "ನೋವಿದೆಯಾ ಸಾಬ್?" ಅಂದರೆ "ಠೀಕ್ ಹೈ" ಅನ್ನುತ್ತಾರೆ. ಆರು ತಿಂಗಳಾದ ಮೇಲೆ ನಾನು ಪ್ರಶ್ನೆ ಬದಲಾಯಿಸಿದೆ. "ರಾತ್ರಿ ಎಷ್ಟು ಸಲ ಎದ್ದಿರಿ?" ಅದಕ್ಕೆ ಮಾತ್ರ ನಿಜ ಹೇಳುತ್ತಾರೆ, ಎಣಿಸಿ ಹೇಳುತ್ತಾರೆ.

1971ರ ಯುದ್ಧ ನೋಡಿದ ಒಬ್ಬರು ತಂಬಿ ಬರುತ್ತಿದ್ದರು. ಎಂಇಜಿಯವರನ್ನು ಹಾಗೇ ಕರೆಯುತ್ತಾರೆ, ನಿಮಗೆ ಗೊತ್ತಿರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿತ್ತು. ಬೂಟಿನೊಳಗೆ ಸಣ್ಣ ಕಲ್ಲು ಸೇರಿ ಹಿಮ್ಮಡಿ ಹುಣ್ಣಾಗಿದ್ದೇ ಅವರಿಗೆ ತಿಳಿದಿರಲಿಲ್ಲ. ಮೂರು ತಿಂಗಳು ಡ್ರೆಸ್ಸಿಂಗ್ ಮಾಡಿದೆ. ಬಿಗಿ ಬೂಟು ಬೇಡ ಅಂದರೆ ಕೇಳಲಿಲ್ಲ. ಕೊನೆಗೆ, "ಸಾಬ್, ದಿನಾ ಬೆಳಗ್ಗೆ ಬೂಟು ಕೊಡವಿ, ಒಳಗೆ ಕೈ ಹಾಕಿ ನೋಡಿ, ಪಾದಕ್ಕೆ ಕನ್ನಡಿ ಹಿಡಿದು ನೋಡಿ. ಇದು ಇನ್‌ಸ್ಪೆಕ್ಷನ್" ಅಂದೆ. ಅವತ್ತಿಂದ ಒಂದು ದಿನವೂ ತಪ್ಪಿಸಲಿಲ್ಲ. ಹುಣ್ಣು ಮಾಯಿತು, ಕಾಲು ಉಳಿಯಿತು.

ಇನ್ನು ಅವರ ಹೆಂಡತಿಯರು. ಮಾಗಡಿ ಕಡೆಯಿಂದ ಒಬ್ಬರು ಅಜ್ಜಿ ಬರುತ್ತಾರೆ. ಗಂಡ ತೀರಿಕೊಂಡು ಇಪ್ಪತ್ತು ವರ್ಷ ಆಯಿತು. ಅಜ್ಜಿಗೆ ಹಿಂದಿ ಬಾರದು, ಚೀಟಿ ಇಂಗ್ಲಿಷಿನಲ್ಲಿ. ಬೆಳಗಿನ ಮಾತ್ರೆ, ರಾತ್ರಿಯ ಮಾತ್ರೆ ಎಲ್ಲವನ್ನೂ ಒಟ್ಟಿಗೆ ನುಂಗಿ ಒಂದು ದಿನ ತಲೆ ಸುತ್ತಿ ಬಿದ್ದರಂತೆ. ಈಗ ಕವರಿನ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದು ಕೊಡುತ್ತೇನೆ. ನಾವು ಕನ್ನಡದವರು ಅಲ್ಲಿರಬೇಕಾದ್ದು ಇದಕ್ಕೇ. "ನೀನಿದ್ದೀಯಾ ಅಂತ ಕೇಳ್ಕೊಂಡೇ ಬಸ್ ಹತ್ತೋದು ಮಗಾ" ಅನ್ನುತ್ತಾರೆ.

ಸುಮ್ನೆ ನನ್ನ ಮಾತು ನಂಬಿ ಕೆಲಸ ಬಿಡಬೇಡಿ. ಮುಂದಿನ ಸಲ ತಂದೆಯವರನ್ನು ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋದಾಗ ಡ್ರೆಸ್ಸಿಂಗ್ ರೂಮಿನ ಹೊರಗೆ ಎರಡು ಗಂಟೆ ಕೂತು ನೋಡಿ. ಆ ವಾಸನೆ, ಆ ಸಾಲು, ಆ ಗಡಿಬಿಡಿ ನಿಮಗೆ ಒಗ್ಗುತ್ತದೆ ಅನ್ನಿಸಿದರೆ ಅವತ್ತೇ ಸಂಜೆ ಪಿಯುಸಿ ಅಂಕಪಟ್ಟಿ ಹುಡುಕಿ ಇಟ್ಟುಕೊಳ್ಳಿ. ಅದು ಕಳೆದಿದ್ದರೆ ನಕಲು ತೆಗೆಸಲು ದಿನ ಹಿಡಿಯುತ್ತದೆ, ನಿಮ್ಮ ಹತ್ತಿರ ಇರುವುದು ಒಂದೇ ವರ್ಷ.