ಸಾಲ ಯಾರದ್ದು, ಬಡ್ಡಿ ಕಟ್ಟೋರು ಯಾರು?

ಪ್ರಶ್ನೆ: ನಾನು ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ರಾತ್ರಿ ಒಂದೂವರೆ, ಹೊರಗೆ ಜಡಿಮಳೆ, ಕರೆಂಟ್ ಇಲ್ಲ, ಮೊಬೈಲ್‌ನಲ್ಲಿ ಉಳಿದ ಚಾರ್ಜ್ ಲೆಕ್ಕ ಹಾಕ್ಕೊಂಡು ಮ್ಯಾಚ್ ನೋಡಿದ್ರೆ ಮತ್ತೆ ಸೋಲು. ಮಾಲೀಕರು ಅಷ್ಟು ಶ್ರೀಮಂತರು, ತಂಡ ಯಾಕೆ ಹೀಗೆ?
– ಓದುಗ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಶ್ರೀಮಂತರು ನಿಜ, ಆದರೆ ಕ್ಲಬ್ ಕೊಂಡಿದ್ದು ಬಹುಪಾಲು ಸಾಲದಲ್ಲಿ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡ್‌ಗೆ ಕ್ಲಬ್ ಕೊಂಡಿತು, ಸಾಲದ ದೊಡ್ಡ ಭಾಗವನ್ನು ಕ್ಲಬ್ ತಲೆಗೇ ಕಟ್ಟಿತು. ನಿಮ್ಮ ಕಡೆ ಲೆಕ್ಕದಲ್ಲಿ ಹೇಳೋದಾದ್ರೆ, ಯಾರೋ ಒಂದು ಕಾಫಿ ತೋಟವನ್ನು ಅದೇ ತೋಟ ಅಡವಿಟ್ಟು ತಂದ ದುಡ್ಡಲ್ಲಿ ಕೊಂಡರು, ಬಡ್ಡಿಯನ್ನು ಕಾಫಿ ಮಾರಿದ ದುಡ್ಡಲ್ಲೇ ಕಟ್ಟಿದರು, ಮೇಲೆ ತಮ್ಮ ಪಾಲನ್ನೂ ಎತ್ತಿಕೊಂಡರು. ಕಣ ರಿಪೇರಿ ಆಗೋದು ಯಾವಾಗ? 2024ರ ಮೇನಲ್ಲಿ ಆರ್ಸೆನಲ್ ಮ್ಯಾಚ್ ದಿನ ಕ್ಲಬ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನ ಛಾವಣಿಯಿಂದ ನೀರು ಧೋ ಅಂತ ಸುರಿಯಿತು, ನೆನಪಿದೆ ಅಲ್ವಾ?

ಆಟಗಾರರಿಗೆ ಖರ್ಚು ಮಾಡಲಿಲ್ಲ ಅಂತಲ್ಲ. 2016ರಲ್ಲಿ ಪೋಗ್ಬಾಗೆ 8.9 ಕೋಟಿ ಪೌಂಡ್ ಕೊಟ್ಟರು, ಆಗ ಅದು ವಿಶ್ವದಾಖಲೆ. ಹಳೇ ಕೋಚ್ ಫರ್ಗ್ಯುಸನ್ 2013ರಲ್ಲಿ ಹೋದ ಮೇಲೆ ಕೋಚ್‌ಗಳು ಬದಲಾಗುತ್ತಾ ಹೋದರು, ಒಬ್ಬರಿಗೆ ಬೇಕಾದ ಆಟಗಾರ ಇನ್ನೊಬ್ಬರಿಗೆ ಬೇಡ. ಲೀಗ್ ಕಪ್ಪು, ಎಫ್‌ಎ ಕಪ್ಪು ಬಂದವು, ಮುಖ್ಯವಾದ ಪ್ರೀಮಿಯರ್ ಲೀಗ್ ಪಟ್ಟ ಬರಲಿಲ್ಲ.

ಸಿಟ್ಟು ನಿಮ್ಮೊಬ್ಬರದ್ದಲ್ಲ ಬಿಡಿ. ಅಲ್ಲಿನವರು 2010ರಲ್ಲೇ ನ್ಯೂಟನ್ ಹೀತ್ (ಕ್ಲಬ್‌ನ ಹಳೇ ಹೆಸರು) ಕಾಲದ ಹಸಿರು-ಹಳದಿ ಬಣ್ಣದ ಮಫ್ಲರ್ ಸುತ್ತಿಕೊಂಡು ಪ್ರತಿಭಟಿಸಿದ್ದರು. 2024ರಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಕಾಲು ಭಾಗಕ್ಕಿಂತ ತುಸು ಜಾಸ್ತಿ ಪಾಲು ಕೊಂಡು ಆಟದ ಉಸ್ತುವಾರಿ ವಹಿಸಿಕೊಂಡರು, ಹೆಚ್ಚಿನ ಹಿಡಿತ ಮಾತ್ರ ಗ್ಲೇಜರ್‌ಗಳದ್ದೇ. ನೀವು ಸುಮ್ನೆ ಒಂದು ಪವರ್ ಬ್ಯಾಂಕ್ ತಗೊಳ್ಳಿ.