85 ವರ್ಷದ ಮೈಸೂರು ಮನೆ ಪಾರಂಪರಿಕ ಪಟ್ಟಿಗೆ ಸೇರುತ್ತದಾ?
ನಿಮ್ಮ 85 ವರ್ಷದ ಮನೆಗೆ ನೂರು ವರ್ಷ ಆಗಿಲ್ಲ, ಅದಕ್ಕೇ ಪಾರಂಪರಿಕ ಅಲ್ಲ ಅಂತ ನಿಮಗೆ ಹೇಳಿದವರು ಎರಡು ಕಾಯ್ದೆ ಬೆರೆಸಿರಬೇಕು. ನೂರು ವರ್ಷದ ಲೆಕ್ಕ 1961ರ ರಾಜ್ಯ ಸ್ಮಾರಕ ಕಾಯ್ದೆಯದು. ಪಾರಂಪರಿಕ ಕಟ್ಟಡ ಬರುವುದು ನಗರ ಯೋಜನೆ ಕಾಯ್ದೆಯಲ್ಲಿ, ಅಲ್ಲಿ ಕಟ್ಟಡದ ಶೈಲಿ, ಇತಿಹಾಸ ಮುಖ್ಯ.

ಮೊದಲು ಮನೆಯಲ್ಲಿ ಮೂಲ ಕಟ್ಟಡದ್ದು ಎಷ್ಟು ಉಳಿದಿದೆ ನೋಡಿ. ಮದ್ರಾಸ್ ತಾರಸಿ (ಹಳೇ ಕಾಲದ ಚಪ್ಪಟೆ ಚಾವಣಿ) ಇದ್ದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಓರೆಯಾಗಿ ಸಾಲು ಹಿಡಿದಿರುತ್ತದೆ, ಗೋಡೆ ಬಿರುಕಲ್ಲಿ ಉಗುರಿಂದ ಕೆರೆದರೆ ಹಳೇ ಸುಣ್ಣದ ಗಾರೆ ಪುಡಿಪುಡಿಯಾಗಿ ಉದುರುತ್ತದೆ, ಸಿಮೆಂಟ್ ಜಗ್ಗಲ್ಲ. ನಮ್ಮ ತಾತನ ಮನೆಯಲ್ಲಿ ಹೀಗೇ ಗೊತ್ತಾಗಿದ್ದು. ಮುಂಭಾಗ ಪೂರ್ತಿ ಬದಲಾಗಿದ್ದರೆ ಕಷ್ಟ, ಫೋಟೊ ನೋಡದೆ ಖಚಿತವಾಗಿ ಹೇಳಲಾರೆ.

ಆಮೇಲೆ ಹಳೇ ಕ್ರಯಪತ್ರ, ನಕ್ಷೆ, ಫೋಟೊ ಎಲ್ಲ ಸೇರಿಸಿ ಮೈಸೂರಿನಲ್ಲೇ ಇರುವ ಪುರಾತತ್ವ ಮತ್ತು ಪರಂಪರೆ ಇಲಾಖೆಗೆ ಲಿಖಿತ ಮನವಿ ಕೊಡಿ, ಸ್ವೀಕೃತಿ ತಗೊಳ್ಳಿ. ಅವರ ಉತ್ತರ ಬರುವವರೆಗೆ ದಯವಿಟ್ಟು ಒಂದು ಕಿಟಕಿಯನ್ನೂ ಕೀಳಿಸಬೇಡಿ.